ಅಮ್ಮನ ಚೀಟಿಗಳು

ಕಳೆದ ವರ್ಷ ಒಂದು ರಾತ್ರಿ ನಮ್ಮ ತಾಯಿಯವರಿಗೆ ಎದೆನೋವು ಬಂತು. ಮತ್ತಿಗಿರಿಯಿಂದ ಹೊಸೂರಿಗೆ ಕರೆದೊಯ್ದೆವು. ವೈದ್ಯರು, “ಹಳೆಯ ಇ.ಸಿ.ಜಿ. ಇದೆಯೇ?” ಎಂದರು. ಚೀಲದಿಂದ ತೆಗೆದುಕೊಟ್ಟೆ. ಕಾಗದವಿತ್ತು, ಗೆರೆಗಳಿರಲಿಲ್ಲ! ಶಾಖದಿಂದ ಅಚ್ಚಾಗುವ ಆ ಕಾಗದ ಬಿಸಿಲು ಸೆಕೆಗಳಿಗೆ ಮಾಸುತ್ತದೆಂದು ಅಂದೇ ತಿಳಿದದ್ದು. ದೋಷ ಹೊಸದೋ ಹಳೆಯದೋ ತಿಳಿಯದೆ ಬೆಳಗಿನವರೆಗೂ ಕಾದೆವು. ದೈವಕೃಪೆ, ತಾಯಿ ಉಳಿದರು.

ದಿನವೂ ಮಕ್ಕಳಿಗೆ “ಪುಸ್ತಕ ಅಚ್ಚುಕಟ್ಟಾಗಿಡಿ” ಎನ್ನುವ ಮೇಷ್ಟರ ಮನೆಯ ಸ್ಥಿತಿ ಇದು!

ಮರುವಾರ ಚೀಟಿಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆ. ಒಂದೊಂದನ್ನೂ ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು, ವರ್ಷ, ತಿಂಗಳು, ದಿನದ ಕ್ರಮದಲ್ಲಿ ಹೆಸರಿಟ್ಟೆ. ಹಾಗೆ ಇಟ್ಟರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಟ್ಟೆ. ಈಗಿನ ಮಾತ್ರೆಗಳನ್ನೂ ಒಗ್ಗದ ಔಷಧಿಯನ್ನೂ ಒಂದೇ ಹಾಳೆಯಲ್ಲಿ ಬರೆದೆ. ಮೂಲ ಕಾಗದಗಳನ್ನು ಎಸೆಯಲಿಲ್ಲ.

ಮನೆಬಾಗಿಲಿಗೆ ಚಿಕಿತ್ಸೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಆರಂಭವಾಯಿತು. ಆದರೆ ಬಾಗಿಲಿಗೆ ಬಂದವರಿಗೆ ಹಿಂದಿನ ಕಾಯಿಲೆಯ ಕಥೆ ಹೇಳಬೇಕಾದದ್ದು ನಮ್ಮ ಚೀಟಿಗಳೇ.

ವಿದ್ಯಾರ್ಥಿಗಳೇ, ಮೊಬೈಲು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ರಜೆಯಲ್ಲಿ ಒಂದು ದಿನ ಆಟ ಬಿಟ್ಟು ಅಜ್ಜ-ಅಜ್ಜಿಯರ ಚೀಟಿಗಳನ್ನು ಜೋಡಿಸಿ. ಗೆರೆಗಳು ಮಾಸುವ ಮೊದಲೇ ಜೋಡಿಸಿ.