ಚಿಕ್ಕಪ್ಪನ ಪ್ಲೇಟು, ನನ್ನ ಎಕ್ಸೆಲ್ ಶೀಟು

ಮನೆಯಲ್ಲಿ ರೆಕಾರ್ಡ್ ಕೇಳೋಕೆ ಒಂದು ಟರ್ನ್‌ಟೇಬಲ್ ಆರಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹೆಣ್ಣು ನೋಡೋಕೆ ಹೋದ ದಿನ ತಟ್ಟೆಯಲ್ಲಿದ್ದ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಹೂಂ ಅಂದಿದ್ದವನು ನಾನು. "ಒಂದು ಹಾಡಿನ ಪೆಟ್ಟಿಗೆಗೆ ಇಷ್ಟು ಯೋಚ್ನೆ ಮಾಡೋರು, ಅವತ್ತು ನನ್ನ ಹತ್ರ ಎರಡು ಪ್ರಶ್ನೆನೂ ಕೇಳ್ಲಿಲ್ವಲ್ಲ" ಅಂತ ಹೆಂಡತಿ ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನೆ ಲ್ಯಾಪ್‌ಟಾಪ್ ಕಡೆ ತಿರುಗಿ ಎಕ್ಸೆಲ್ ಶೀಟಿಗೆ ಹದಿನೈದನೇ ಕಾಲಂ ಸೇರಿಸಿದೆ.

ಇದೆಲ್ಲ ಶುರುವಾಗಿದ್ದು ಒಂದು ಕಬ್ಬಿಣದ ಟ್ರಂಕಿನಿಂದ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಹಳೇ ಮನೆಯ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸುತ್ತಿದ್ದರು. ಅಟ್ಟ ಖಾಲಿ ಮಾಡುವಾಗ ಚಿಕ್ಕಪ್ಪ ಫೋನ್ ಮಾಡಿದ. "ಲೋ, ಪ್ಲೇಟಿನ ಟ್ರಂಕು ಐತೆ. ನೀನ್ ತಗೊಂಡೋಗ್ತೀಯೋ, ಗುಜರಿಗೆ ಹಾಕ್ಲೋ?"

ಗುಜರಿಗೆ ಹಾಕು ಅನ್ನುವ ಧೈರ್ಯ ನನಗಿರಲಿಲ್ಲ. ಕಾರಣ ಆಮೇಲೆ ಹೇಳ್ತೀನಿ.

ಚಿಕ್ಕಪ್ಪನದು ಮೈಕ್‌ಸೆಟ್ ಕೆಲಸ. ಒಂದು ಅಹುಜಾ ಆಂಪ್ಲಿಫೈಯರ್, ಎರಡು ಹಾರ್ನು, ಒಂದು ರೆಕಾರ್ಡ್ ಪ್ಲೇಯರ್ರು, ಕರೆಂಟ್ ಹೋದರೆ ಅಂತ ಒಂದು ಬ್ಯಾಟರಿ. ಇಷ್ಟನ್ನು ಎತ್ತಿನ ಗಾಡಿಗೆ ಏರಿಸಿಕೊಂಡು ಸುತ್ತ ಹತ್ತೂರಿಗೆ ಹೋಗುತ್ತಿದ್ದ. ತೆಂಗಿನ ಮರಕ್ಕೆ ಹಾರ್ನು ಕಟ್ಟಿ, ಬೆಳಗಿನ ಜಾವ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದಿಂದ ಶುರು ಮಾಡಿದರೆ ಧಾರೆ ಮುಗಿಯೋವರೆಗೆ ರಾಜಕುಮಾರ್, ಪಿ.ಬಿ. ಶ್ರೀನಿವಾಸ್, ಜಾನಕಿ. ಮದುವೆ ಮನೆ ಎಲ್ಲಿ ಅಂತ ಆಗ ಯಾರನ್ನೂ ಕೇಳಬೇಕಿರಲಿಲ್ಲವಂತೆ. ಹಾಡು ಬರುವ ದಿಕ್ಕಿಗೆ ನಡೆದರೆ ಸಾಕಿತ್ತು. ಆಮೇಲೆ ಕ್ಯಾಸೆಟ್ ಬಂತು, ಪ್ಲೇಟುಗಳು ಅಟ್ಟ ಸೇರಿದವು. ನಾನು ಕಣ್ಣು ಬಿಡುವ ಹೊತ್ತಿಗೆ ಚಿಕ್ಕಪ್ಪ ಕ್ಯಾಸೆಟ್ಟಿನವನಾಗಿದ್ದ. ಆ ಟ್ರಂಕು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಈಗ ಕಾರಣ. ಎಂಟನೇ ಕ್ಲಾಸಿನಲ್ಲಿ ನಮ್ಮ ಸ್ಕೂಲಲ್ಲಿ "ಕಸದಿಂದ ರಸ" ಅಂತ ವಸ್ತುಪ್ರದರ್ಶನ ಇತ್ತು. ಹಳೇ ರೆಕಾರ್ಡನ್ನು ಕುದಿಯೋ ನೀರಲ್ಲಿ ಮೆತ್ತಗೆ ಮಾಡಿ ಹೂವಿನ ಬಟ್ಟಲು ಮಾಡಬಹುದು ಅಂತ ಯಾರೋ ಹೇಳಿಕೊಟ್ಟರು. ಅಟ್ಟ ಹತ್ತಿದೆ, ಟ್ರಂಕಿನ ಮೇಲುಗಡೆ ಇದ್ದ ಚಿಕ್ಕ ಪ್ಲೇಟೊಂದನ್ನು ತೆಗೆದೆ, ಬಚ್ಚಲ ಹಂಡೆಯ ಬಿಸಿನೀರಲ್ಲಿ ಅದ್ದಿ ಒಂದು ಚೊಂಬಿನ ಮೇಲೆ ಬೋರಲು ಹಾಕಿದೆ. ಅಂಚೆಲ್ಲ ತಾವರೆ ಎಸಳಿನ ಹಾಗೆ ಬಾಗಿಕೊಂಡವು. ಎರಡನೇ ಬಹುಮಾನ ಬಂತು, ಒಂದು ಜಾಮಿಟ್ರಿ ಬಾಕ್ಸು.

ಸಂಜೆ ಚಿಕ್ಕಪ್ಪ ಆ ಬಟ್ಟಲನ್ನು ಕೈಗೆತ್ತಿಕೊಂಡು ಮಧ್ಯದ ಲೇಬಲ್ಲನ್ನು ನೋಡಿದ. "ಎರಡು ಕನಸು." 1974ರ ರಾಜಕುಮಾರ್ ಸಿನಿಮಾ, ರಾಜನ್-ನಾಗೇಂದ್ರರ ಸಂಗೀತ. ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಎಲೆಅಡಿಕೆ ತಂದು ಅದಕ್ಕೆ ತುಂಬಿಕೊಂಡ. ನಡುವಿನ ತೂತಿಗೆ ಒಂದು ಎಲೆ ಮುಚ್ಚಿದ. ಇಪ್ಪತ್ಮೂರು ವರ್ಷ ಆಯ್ತು, ಈಗಲೂ ಜಗಲಿ ಮೇಲೆ ಅವನ ಎಲೆಅಡಿಕೆ ಇರೋದು ಅದರಲ್ಲೇ. ಅವತ್ತು ಬೈದಿದ್ದರೆ ಮರೆತುಹೋಗುತ್ತಿತ್ತು.

ಹಾಗಾಗಿ ಟ್ರಂಕು ಬೆಂಗಳೂರಿಗೆ ಬಂತು. ಬಂದ ವಾರವೇ ನಾನು ಆತುರಕ್ಕೆ ಬಿದ್ದು ಆನ್‌ಲೈನ್ ಸೇಲಿನಲ್ಲಿ ಸೂಟ್‌ಕೇಸ್ ಥರದ ಒಂದು ಪ್ಲೇಯರ್ ತರಿಸಿದೆ. ಕೆಂಪು ಬಣ್ಣ, ಒಳಗೇ ಸ್ಪೀಕರ್, ನೋಡೋಕೆ ಬಲು ಮುದ್ದು. ಸುಪ್ರಭಾತದ ಎಲ್‌ಪಿ ಹಾಕಿದೆ. ಒಂದು ಕಡೆ ಮುಳ್ಳು ಸಿಕ್ಕಿಹಾಕಿಕೊಂಡು, ತಿರುಪತಿ ತಿಮ್ಮಪ್ಪನನ್ನು ಒಂದೇ ಪದದಲ್ಲಿ ಎಬ್ಬಿಸುತ್ತಲೇ ಇತ್ತು. ಆಮೇಲೆ ಓದಿಕೊಂಡೆ. ಇಂಥ ಅಗ್ಗದ ಪ್ಲೇಯರುಗಳಲ್ಲಿ ಇರೋದು ಸೆರಾಮಿಕ್ ಕಾರ್ಟ್ರಿಜ್ಜು. ಅದರ ಮುಳ್ಳು ಐದು ಗ್ರಾಂನಷ್ಟು ಭಾರ ಬಿಟ್ಟುಕೊಂಡು ಕೂರುತ್ತೆ. ಒಳ್ಳೇ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೆ ಸುಮಾರು ಎರಡು ಗ್ರಾಂ ಸಾಕು. ಮಾರನೇ ದಿನವೇ ವಾಪಸ್ ಕಳಿಸಿ, ಎಲ್ಲ ಇಂಜಿನಿಯರುಗಳ ಹಾಗೆ ಎಕ್ಸೆಲ್ ತೆರೆದು ಕೂತೆ.

ಶೀಟಿನಿಂದ ಕಲಿತದ್ದು ಕಡಿಮೆಯೇನಲ್ಲ. ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬಂದೀತು. ಬೆಲ್ಟ್ ಡ್ರೈವ್ ಅಂದರೆ ಮೋಟಾರು ಪಕ್ಕದಲ್ಲಿದ್ದು ರಬ್ಬರ್ ಪಟ್ಟಿಯಿಂದ ತಟ್ಟೆಯನ್ನು ತಿರುಗಿಸುತ್ತೆ. ನಮ್ಮೂರ ಹಿಟ್ಟಿನ ಗಿರಣಿಯ ಪಟ್ಟಾ ನೆನಪಿಸಿಕೊಳ್ಳಿ. ಮೋಟಾರಿನ ನಡುಕವನ್ನು ಪಟ್ಟಿ ತಡೆಯುತ್ತೆ, ಆದರೆ ವರ್ಷಗಳು ಕಳೆದಂತೆ ಸಡಿಲವಾಗುತ್ತೆ. ಡೈರೆಕ್ಟ್ ಡ್ರೈವಿನಲ್ಲಿ ಮೋಟಾರು ತಟ್ಟೆಯ ಕೆಳಗೇ ಇರುತ್ತೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಈ ಜಾತಿಯದ್ದು, ಡಿಜೆಗಳು ಮುಗಿಬಿದ್ದಿದ್ದು ಅದಕ್ಕೇ. ಮನೆಯಲ್ಲಿ ಕೂತು ಕೇಳುವವರಿಗೆ ಎರಡೂ ನಡೆಯುತ್ತೆ.

ಇನ್ನೊಂದು ಫೋನೋ ಪ್ರೀಆಂಪ್. ಪ್ಲೇಟಿನ ಮೇಲೆ ಹಾಡನ್ನು ಇದ್ದ ಹಾಗೇ ಕೊರೆಯೋದಿಲ್ಲ. ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೀತಾರೆ. ಬೇಸ್ ಇದ್ದಷ್ಟೇ ಕೊರೆದರೆ ಗೀರು ಅಗಲವಾಗಿ ಓಲಾಡಿ ಜಾಗವನ್ನೆಲ್ಲ ತಿಂದುಬಿಡುತ್ತೆ. ಕೇಳುವಾಗ ಪ್ರೀಆಂಪ್ ಅದನ್ನು ಉಲ್ಟಾ ಮಾಡಿ ಹಳೇ ಸ್ಥಿತಿಗೆ ತರುತ್ತೆ. 1950ರ ದಶಕದಿಂದ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಲೆಕ್ಕ. ನಮ್ಮ ಭಾಷೆಯಲ್ಲಿ ಎನ್‌ಕೋಡ್, ಡಿಕೋಡ್, ಅಷ್ಟೇ. ಪ್ರೀಆಂಪ್ ಒಳಗೇ ಇರುವ ಟರ್ನ್‌ಟೇಬಲ್ ತಗೊಂಡರೆ ಮನೆಯಲ್ಲಿರುವ ಸ್ಪೀಕರ್ರಿಗೆ ನೇರ ಸಿಕ್ಕಿಸಬಹುದು, ಇಲ್ಲದಿದ್ದರೆ ಇನ್ನೊಂದು ಡಬ್ಬಿ ಕೊಳ್ಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ತೀರ್ಮಾನ ಆಗಲಿಲ್ಲ. ರೇಗಾ ಪ್ಲಾನರ್ 1ಕ್ಕೆ ಮಾರ್ಕ್ಸ್ ಜಾಸ್ತಿ ಕೊಟ್ಟರೆ ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಬೆಲೆಯಲ್ಲಿ ಗೆಲ್ಲುತ್ತಿತ್ತು. ಬಟನ್ ಒತ್ತಿದರೆ ಅದರ ಕೈ ತಾನೇ ಹೋಗಿ ಕೂತು ತಾನೇ ವಾಪಸ್ ಬರುತ್ತೆ. ಒಂದು ರಿವ್ಯೂ ಓದಿದರೆ ಇದು, ಇನ್ನೊಂದು ಓದಿದರೆ ಅದು.

ಅಷ್ಟರಲ್ಲಿ ಚಿಕ್ಕಪ್ಪ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಹತ್ತು ದಿನದ ಮಟ್ಟಿಗೆ ಬೆಂಗಳೂರಿಗೆ ಬಂದ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಚೀಲ ತೆಂಗಿನಕಾಯಿ, ಜೊತೆಗೆ ಆ ಬಟ್ಟಲು. ಆಪರೇಷನ್ನಿನ ಹಿಂದಿನ ಸಂಜೆ ನಾನು ಶೀಟನ್ನು ಹೆಮ್ಮೆಯಿಂದ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಅದೆಲ್ಲ ಇರ್ಲಿ ಮಗ. ನಿನ್ ಹತ್ರ ಇರೋ ಪ್ಲೇಟು ಯಾವ್ಯಾವ್ ಸ್ಪೀಡಿಂದು?"

ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಟ್ರಂಕಿನ ತಳದವರೆಗೆ ಒಮ್ಮೆಯೂ ಕೈ ಹಾಕಿರಲಿಲ್ಲ. ಹದಿನೈದು ಕಾಲಮ್ಮುಗಳಲ್ಲಿ ಮಷೀನಿನ ಜಾತಕವೆಲ್ಲ ಇತ್ತು, ಅದು ಹಾಡಬೇಕಾದ ಪ್ಲೇಟಿನದ್ದು ಮಾತ್ರ ಒಂದು ಕಾಲಮ್ಮೂ ಇರಲಿಲ್ಲ.

ಟ್ರಂಕನ್ನು ಹಾಲಿನ ಮಧ್ಯಕ್ಕೆ ಎಳೆದು ಕೂತೆವು. ಚಿಕ್ಕಪ್ಪನಿಗೆ ಲೇಬಲ್ ಓದೋಕೆ ಆಗುತ್ತಿರಲಿಲ್ಲ. ಪ್ಲೇಟನ್ನು ಅಂಗೈ ಮೇಲೆ ನಿಲ್ಲಿಸಿ ತೂಕ ನೋಡುತ್ತಿದ್ದ, ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಿದ್ದ. ಮಂಕಾಗಿ ಸದ್ದು ಬಂದರೆ ವಿನೈಲ್. ಗಾಜಿನ ಲೋಟದ ಹಾಗೆ ಟಣ್ ಅಂದರೆ, "ಇದು ಅರಗಿಂದು, ಎಪ್ಪತ್ತೆಂಟು. ಜ್ವಾಪಾನ" ಅನ್ನುತ್ತಿದ್ದ. ಹಳೇ ಪ್ಲೇಟುಗಳು ಶೆಲ್ಯಾಕಿನವು, ಅಂದರೆ ನಮ್ಮ ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸೋದೂ ಅದೇ ಅರಗೇ. ಕಲ್ಲಿನ ಪುಡಿ ಜೊತೆ ಕಲಸಿ ಒತ್ತಿದ್ದು, ಕೈ ಜಾರಿದರೆ ಮಡಕೆ ಹಾಗೆ ಒಡೆಯುತ್ತೆ. ಒಂದು ಬದಿಗೆ ಮೂರು ನಿಮಿಷ ಹಾಡಿದರೆ ಹೆಚ್ಚು.

ಲೆಕ್ಕ ಹಾಕಿದರೆ ಒಟ್ಟು 43. ಎಲ್‌ಪಿ 11, ನಿಮಿಷಕ್ಕೆ 45 ಸುತ್ತಿನ ಇಪಿ 23, ಅರಗಿನ 78 ಒಂಬತ್ತು. ಆ ಒಂಬತ್ತೂ ಗುಬ್ಬಿ ಕಂಪನಿ ಕಾಲದ ನಾಟಕದ ಹಾಡುಗಳು, ಮೈಕ್‌ಸೆಟ್ಟನ್ನು ಹಳಬರೊಬ್ಬರಿಂದ ಕೊಂಡಾಗ ಜೊತೆಗೆ ಬಂದಿದ್ದವಂತೆ. ನನ್ನ ಶೀಟಿನಲ್ಲಿ ಮೊದಲೆರಡು ಸ್ಥಾನದಲ್ಲಿದ್ದ ರೇಗಾ ಮತ್ತು ಎಲ್‌ಪಿ60ಎಕ್ಸ್ ಎರಡಕ್ಕೂ ಇರೋದು 33 ಮತ್ತು 45 ಮಾತ್ರ. ಸ್ಪೀಡ್ ಇದ್ದರೂ ಸಾಲದು. 1948ರಲ್ಲಿ ಎಲ್‌ಪಿ ಬಂದಾಗ ಗೀರು ತೀರಾ ಸಣ್ಣದಾಯಿತು, ಅದಕ್ಕೆ ಮುಂಚಿನ 78ರ ಗೀರು ಅಗಲ. ಎಲ್‌ಪಿ ಮುಳ್ಳನ್ನು 78ಕ್ಕೆ ಇಟ್ಟರೆ ತಳಕ್ಕೆ ಇಳಿದು ಧೂಳು ಕೆರೆಯುತ್ತೆ. ಬೇರೆ ಮುಳ್ಳು ಬದಲಾಯಿಸಿಕೊಳ್ಳುವ ಹಾಗಿರಬೇಕು.

"ಪಿನ್ನಿನ ಭಾರ ಎಷ್ಟು?" ಇದು ಎರಡನೇ ಪ್ರಶ್ನೆ. ಇದಕ್ಕೆ ಮಾತ್ರ ನನ್ನ ಹತ್ತಿರ ಕಾಲಂ ಇತ್ತು. ಎರಡು ಗ್ರಾಂ ಅಂದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಆಗ ನಮ್ಗೆ ಇದೆಲ್ಲ ಯಾರ್ ಹೇಳೋರು? ಪ್ಲೇಟು ಜಂಪ್ ಹೊಡೆದ್ರೆ ಪಿನ್ನಿನ ತಲೆ ಮೇಲೆ ಒಂದು ಪಾವಲಿ ಇಡ್ತಿದ್ವಿ. ಹಾಡು ನಿಲ್ದೆ ಓಡೋದು. ಮದುವೆ ಮನೇಲಿ ಹಾಡು ನಿಂತ್ರೆ ದುಡ್ಡು ಕೊಡೋರಾ?"

ಪಾವಲಿ ಅಂದರೆ ನಾಲ್ಕಾಣೆ. ಇಪ್ಪತ್ತೈದು ಪೈಸೆಯ ಭಾರ ಹೊತ್ತ ಮುಳ್ಳು ವರ್ಷಗಟ್ಟಲೆ ಆ ಪ್ಲೇಟುಗಳನ್ನು ಉತ್ತಿದೆ.

ಮೂರನೇ ಪ್ರಶ್ನೆಯನ್ನು ಅವನು ಬಾಯಲ್ಲಿ ಕೇಳಲಿಲ್ಲ. ಪ್ಲೇಟನ್ನು ಕವರ್ರಿಗೆ ವಾಪಸ್ ಹಾಕುವಾಗ ಅವನ ಬಲಗೈ ನಡುಗುತ್ತಿದ್ದದ್ದನ್ನು ಅವತ್ತು ಮೊದಲ ಸಲ ಗಮನಿಸಿದೆ. ಓಡುವ ಪ್ಲೇಟಿನ ಮೇಲೆ ಬೇಕಾದ ಹಾಡಿಗೆ ಸರಿಯಾಗಿ ಹೆಬ್ಬೆರಳಲ್ಲಿ ಮುಳ್ಳು ಇಳಿಸುತ್ತಿದ್ದ ಕೈ ಅದು. ಕೈ ನಡುಗೋರಿಗೆ ತಾನೇ ಕೂರುವ ಆಟೊಮ್ಯಾಟಿಕ್ಕೇ ವಾಸಿ, ಆದರೆ ಅದರಲ್ಲಿ 78 ಇಲ್ಲ. ಕೊನೆಗೆ ಆರಿಸಿದ್ದು ಆಡಿಯೋ-ಟೆಕ್ನಿಕಾದ ಎಲ್‌ಪಿ120ಎಕ್ಸ್. ಡೈರೆಕ್ಟ್ ಡ್ರೈವ್, ಮೂರೂ ಸ್ಪೀಡು, ಪ್ರೀಆಂಪ್ ಒಳಗೇ, ಮುಳ್ಳು ಬದಲಾಯಿಸಬಹುದು, ಭಾರ ನಾವೇ ಹೊಂದಿಸಬಹುದು. ಜೊತೆಗೆ ಕೈ ಎತ್ತಿ ಇಳಿಸೋಕೆ ಒಂದು ಪುಟ್ಟ ಲಿವರ್. ನಾಲ್ಕು ತಿಂಗಳು ಆಗದ ತೀರ್ಮಾನ ಆ ರಾತ್ರಿ ಊಟಕ್ಕೆ ಮುಂಚೆ ಆಗಿಹೋಯಿತು. ಎಲ್ಲರಿಗೂ ಇದೇ ಸರಿ ಅಂತ ಹೇಳ್ತಿಲ್ಲ. ಹೊಸ ಎಲ್‌ಪಿಗಳನ್ನಷ್ಟೇ ಕೇಳುವವರು 78ಕ್ಕೆ ದುಡ್ಡು ಸುರಿಯೋದು ದಂಡ. ಮೊದಲು ನಿಮ್ಮ ಟ್ರಂಕು ತೆಗೆದು ನೋಡಿ, ಆಮೇಲೆ ರಿವ್ಯೂ ಓದಿ. ನಾನು ತಿರುಗಾ ಮುರುಗಾ ಮಾಡಿದ್ದೆ.

ಡಬ್ಬ ಬಂದಾಗ ಚಿಕ್ಕಪ್ಪ ಕಪ್ಪು ಕನ್ನಡಕದಲ್ಲಿದ್ದ. ಕೈಯ ಹಿಂದುಗಡೆ ಒಂದು ಗುಂಡು ಇರುತ್ತೆ. ಕೈ ಗಾಳಿಯಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ಮಟ್ಟವಾಗಿ ನಿಲ್ಲುವವರೆಗೆ ಅದನ್ನು ತಿರುಗಿಸಬೇಕು, ಅದೇ ಸೊನ್ನೆ. ಅಲ್ಲಿಂದ ಎರಡು ಗ್ರಾಂ. "ಮಂಡೀಲಿ ಕೊಬ್ಬರಿ ತೂಗ್ದಂಗೆ ಐತೆ" ಅಂದ. ನಾನು ಟರ್ನ್‌ಟೇಬಲ್ಲನ್ನು ಸ್ಪೀಕರ್ ಇದ್ದ ಮೇಜಿನ ಮೇಲೇ ಇಡೋಕೆ ಹೋದರೆ, "ಹಾರ್ನಿನ ಮಗ್ಗುಲಿಗೆ ಪ್ಲೇಟ್ ಇಡ್ಬಾರ್ದು ಕಣ್ಲಾ, ಊಳಿಡ್ತದೆ" ಅಂತ ಬೇರೆ ಸ್ಟೂಲು ತರಿಸಿದ. ಇದನ್ನು ರಿವ್ಯೂಗಳಲ್ಲೂ ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವನಿಗೆ ಹೇಳದೆ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋದೆ. ಹಳೇ ಗಡಿಯಾರ, ನಲ್ಲಿ, ಶೂಗಳ ನಡುವೆ ಒಂದು ರಾಶಿ ಪ್ಲೇಟುಗಳು. ಮಂಡಿಯೂರಿ ಕೂತು ಒಂದೂವರೆ ಗಂಟೆ ಹುಡುಕಿದೆ. "ಎರಡು ಕನಸು" ಇಪಿ ಸಿಕ್ಕಿತು, ಇನ್ನೂರೈವತ್ತಕ್ಕೆ. ಕವರ್ ಹರಿದಿತ್ತು, ಪ್ಲೇಟು ಪರವಾಗಿಲ್ಲ ಅನ್ನುವ ಹಾಗಿತ್ತು.

ಮನೆಗೆ ಬಂದು ಅವನ ಕೈಗೆ ಕೊಟ್ಟೆ. ಏನು ಹೇಳಬೇಕು ಅಂತ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಅದ್ಯಾವುದೂ ಬಾಯಿಗೆ ಬರಲಿಲ್ಲ. "ಅವತ್ತು ನಾನು ಆ ಬಟ್ಟಲು..." ಅಂದೆ, ಅಷ್ಟೇ.

ಚಿಕ್ಕಪ್ಪ ಹೊಸ ಕಣ್ಣಲ್ಲಿ ಲೇಬಲ್ ಓದಿದ. ಆಮೇಲೆ ಬಟ್ಟಲಿನಿಂದ ಒಂದು ಅಡಿಕೆ ಚೂರು ಬಾಯಿಗೆ ಹಾಕಿಕೊಂಡ.

"ಅದನ್ನ ನಾನಾಗ್ಲೇ ಕೊಂದಿದ್ದೆ ಕಣ್ಲಾ, ಪಾವಲಿ ಇಟ್ಟೂ ಇಟ್ಟೂ. ನೀನು ಬರೀ ಮಣ್ಮಾಡ್ದೆ."

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಅವನು ಪ್ಲೇಟನ್ನು ಅಂಚಿನಲ್ಲಿ ಹಿಡಿದು ತಟ್ಟೆಗಿಟ್ಟ, 45 ಒತ್ತಿದ, ಲಿವರ್ ಇಳಿಸಿದ. ಅವನ ಕೈ ನಡುಗುತ್ತಿತ್ತು, ಮುಳ್ಳು ನಡುಗಲಿಲ್ಲ. "ಇದೊಂದು ಆಗ ಇದ್ದಿದ್ರೆ" ಅಂತ ಲಿವರ್ರನ್ನು ಒಮ್ಮೆ ಸವರಿದ. ಸರಸರ ಸದ್ದಿನ ಹಿಂದಿನಿಂದ ಪಿಟೀಲುಗಳು ಎದ್ದವು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಂಡು ಬಂದು ಸೋಫಾದ ತುದಿಗೆ ಕೂತಳು.

ಎರಡನೇ ಹಾಡಿನ ಮಧ್ಯದಲ್ಲಿ ಪ್ಲೇಟು ಜಂಪ್ ಹೊಡೆಯಿತು. ಹೇಳಿದ್ದನ್ನೇ ಹೇಳತೊಡಗಿತು. ನಾನು ಏಳುವಷ್ಟರಲ್ಲಿ ಚಿಕ್ಕಪ್ಪನ ಕೈ ತಾನಾಗೇ ಅಂಗಿಯ ಜೇಬಿಗೆ ಹೋಗಿತ್ತು, ಪಾವಲಿ ಹುಡುಕುತ್ತಾ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಬರಿಗೈ ಹೊರಗೆ ತೆಗೆದು, ಲಿವರ್ ಎತ್ತಿದ.