ಅಶೋಕ ಯಾರ ಕಡೆಯದು?

ಜಯನಗರದಲ್ಲಿ ಅಶೋಕ ಎಂದರೆ ಮೊದಲು ನೆನಪಾಗುವುದು ಕಂಬ. 1948ರಲ್ಲಿ ಬಡಾವಣೆಯ ಜೊತೆಗೇ ಎದ್ದ ಅಶೋಕ ಸ್ತಂಭ. ಅಲ್ಲಿಂದ ನಾಲ್ಕನೇ ಬ್ಲಾಕಿನತ್ತ ನಡೆದರೆ ಕಾಂಪೌಂಡುಗಳ ಪಕ್ಕದಲ್ಲಿ ಇನ್ನೊಂದು ಅಶೋಕ: ನೆಟ್ಟಗೆ ಬೆಳೆದು, ಅಲೆಯಂಚಿನ ಎಲೆಗಳನ್ನು ಇಳಿಬಿಟ್ಟ ಮರ. ಚಪ್ಪರದ ತೋರಣಕ್ಕೂ ಇದರ ಎಲೆಯೇ.

ಚಿಕ್ಕಮ್ಮನಿಗೆ ಮುಟ್ಟಿನ ಸ್ರಾವ ಹೆಚ್ಚಾದಾಗ ಪಂಡಿತರು ಅಶೋಕದ ಚಕ್ಕೆಯ ಕಷಾಯ ಹೇಳಿದರು. ಗ್ರಂಧಿಗೆ ಅಂಗಡಿಯ ಪೊಟ್ಟಣ ಬಿಚ್ಚಿದೆವು. ಬೆರಳುದ್ದದ ಕಂದು ಚೂರುಗಳು, ಒಳಮೈಯಲ್ಲಿ ನಾರು. ಎಲೆಯಿಲ್ಲ, ಹೂವಿಲ್ಲ. ಇದು ಯಾವ ಮರದ್ದೆಂದು ಹೇಗೆ ಹೇಳುವುದು?

ಮದ್ದಿನ ಅಶೋಕ ಬೇರೆಯೇ. ಕೊಂಬೆಗಂಟಿ ಕಿತ್ತಳೆಗೆಂಪು ಗೊಂಚಲು ಬಿಡುವ ಸೀತಾಶೋಕ ಅದು, ಹುಣಸೆಯ ಕಡೆಯದು. ಕಾಂಪೌಂಡಿನ ಅಶೋಕ ಸೀತಾಫಲದ ಕಡೆಯದು. ಹೆಸರೊಂದೇ, ಬಳಗ ಬೇರೆ. ಘಟ್ಟದಲ್ಲಿ ತೊಗಟೆ ಸುಲಿದು ಸುಲಿದು ಸೀತಾಶೋಕ ಅಪರೂಪವಾಗಿದೆ, ಬೇಡಿಕೆ ಮಾತ್ರ ಇಳಿದಿಲ್ಲ. ಬೇರೆ ತೊಗಟೆ ಮೂಟೆಗೆ ನುಸುಳುವುದು ಹೀಗೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಮಾರುಕಟ್ಟೆಯ ಅಶೋಕ ತೊಗಟೆಯನ್ನೇ ತಂದು ಪರೀಕ್ಷಿಸಿತು. ತೊಗಟೆ ಅರೆದು ಡಿಎನ್‌ಎ ತೆಗೆದು, ಅದರ ಒಂದು ಗೊತ್ತಾದ ತುಣುಕನ್ನು ಪಿಸಿಆರ್‌ನಲ್ಲಿ ಲಕ್ಷಾಂತರ ಪ್ರತಿ ಮಾಡಿ, ಅಕ್ಷರ ಅಕ್ಷರ ಓದಿ ಅಸಲಿ ಮರದ್ದರ ಜೊತೆ ಹೋಲಿಸುವ ಕೆಲಸ. 2016ರಲ್ಲಿ ಹೊರಬಂದ ಫಲಿತಾಂಶ: ನೂರಕ್ಕೆ 80ಕ್ಕೂ ಹೆಚ್ಚು ಮಾದರಿ ಅಶೋಕವೇ ಅಲ್ಲ. ಓದಿದ ರಾತ್ರಿ ಚಿಕ್ಕಮ್ಮ ಮುಖ ಕಿವಿಚಿಕೊಂಡು ಕುಡಿಯುತ್ತಿದ್ದ ಆ ಲೋಟ ಕಣ್ಣಮುಂದೆ ಬಂದು ನಿದ್ದೆ ಹತ್ತಲಿಲ್ಲ.

ಅದೇ ತಂಡ ಎನ್‌ಎಂಆರ್ ಯಂತ್ರದಲ್ಲಿ ತೊಗಟೆಯ ರಸಾಯನವನ್ನೂ ನೋಡಿತ್ತು. ನನಗೆ ಬಹಳ ಹಿಡಿಸಿದ್ದು ಇದು. ಡಿಎನ್‌ಎ ಮರದ ಕುಲ ಹೇಳುತ್ತದೆ. ಆದರೆ ಎಲೆಗೂ ಬೇರಿಗೂ ತೊಗಟೆಗೂ ಇರುವುದು ಅದೇ ಡಿಎನ್‌ಎ. ಕುದಿಸಿ ಹುಳಿಬರಿಸಿದ ಅರಿಷ್ಟದಲ್ಲಂತೂ ಅದು ಚೂರುಚೂರಾಗಿರುತ್ತದೆ. ತೊಗಟೆಯಲ್ಲಿ ಒಗರು ಕೊಡುವ ಟ್ಯಾನಿನ್ ಎಷ್ಟು, ಕ್ಯಾಟೆಚಿನ್ ಎಷ್ಟು ಎಂದು ರಸಾಯನವನ್ನೇ ಕೇಳಬೇಕು. ಮದ್ದಾಗುವುದು ಅವೇ ತಾನೆ?

ಮೊನ್ನೆ ಚಿಕ್ಕಮ್ಮನನ್ನು ಅದೇ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಚಕ್ಕೆಯನ್ನು ಬೆಳಕಿಗೆ ಹಿಡಿದು ಕೇಳಿದರು: “ಇದು ಹುಣಸೆ ಕಡೆಯದೇನಪ್ಪಾ, ಸೀತಾಫಲದ ಕಡೆಯದಾ?”

ಅಂಗಡಿಯವರು ತಕ್ಕಡಿ ಕೆಳಗಿಟ್ಟರು. “ಗೊತ್ತಿಲ್ಲಮ್ಮಾ. ಮೂಟೆ ಮೇಲೆ ಅಶೋಕ ಅಂತ ಬರೆದು ಬರುತ್ತೆ.”