ಹಳೆಯ ಮಾದರಿಯ ಗಿಟಾರ್, ಚಿಪ್ಪಗಿರಿಯ ಒಣಗಾಳಿ

ಗಿಟಾರ್ ಅಂಗಡಿಗಳಲ್ಲಿ ‘ವಿಂಟೇಜ್ ರೀಇಶ್ಯೂ’ ಎಂಬ ಮಾತು ಚಾಲ್ತಿಯಲ್ಲಿದೆ. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಹೆಸರು ಮಾಡಿದ ಎಲೆಕ್ಟ್ರಿಕ್ ಗಿಟಾರನ್ನು ಅದೇ ಆಕಾರ, ಅದೇ ಬಣ್ಣದಲ್ಲಿ ಹೊಸದಾಗಿ ತಯಾರಿಸಿ ಮಾರುವುದಕ್ಕೆ ಹಾಗೆ ಹೇಳುತ್ತಾರೆ. ಕೆಲವದರಲ್ಲಿ ಒಳಗಿನ ಭಾಗಗಳೂ ಹಳೆಯ ಅಳತೆಯವೇ. ಇನ್ನು ಕೆಲವು ಮೇಲ್ನೋಟಕ್ಕೆ ಮಾತ್ರ ಹಳತು, ಕೈಗೆ ತಾಗುವ ಭಾಗವೆಲ್ಲ ಇವತ್ತಿನದು.

ಇದರಿಂದ ಬ್ಯಾರಿ ಮನೆಗಳಿಗೆ ಏನಾಗಬೇಕು ಎಂದು ನೀವು ಕೇಳಬಹುದು. ನಮ್ಮಲ್ಲಿ ವಾದ್ಯವೆಂದರೆ ದಫ್. ಗಿಟಾರ್ ಹಿಡಿದ ಮಕ್ಕಳನ್ನು ನೋಡಿದರೆ ಹಿರಿಯರ ಹುಬ್ಬು ಈಗಲೂ ಮೇಲೇರುತ್ತದೆ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಗಿಟಾರಿನ ವಿಷಯಕ್ಕೆ ಎರಡು ತಿಂಗಳು ಮಾತುಕತೆ ನಡೆಯಿತು. ಮಾತು ಗಿಟಾರಿನದ್ದಾದರೂ ಪ್ರಶ್ನೆ ಎಲ್ಲ ಮನೆಗಳದ್ದು: ತೀರಿಹೋದವರ ವಸ್ತುವನ್ನು ಇದ್ದ ಹಾಗೆಯೇ ಇಡಬೇಕೋ, ಬದಲಾಯಿಸಿ ಬಳಸಬೇಕೋ?

ನಾನು ಬ್ಯಾಂಕ್ ನೌಕರ. ವರ್ಗವಾಗಿ ಚಿಪ್ಪಗಿರಿಗೆ ಬಂದು ಮೂರು ವರ್ಷವಾಯಿತು. ಗುಂತಕಲ್ ಜಂಕ್ಷನ್ನಿಗೆ ಹತ್ತಿರದ ಊರು, ಕರ್ನೂಲು ಜಿಲ್ಲೆ. ಬೋರ್ಡುಗಳೆಲ್ಲ ತೆಲುಗು; ಆದರೆ ಕೌಂಟರಿಗೆ ಬರುವ ವಯಸ್ಸಾದವರಲ್ಲಿ ಕನ್ನಡ ಆಡುವವರು ಸಿಗುತ್ತಾರೆ. 1953ರ ವರೆಗೆ ಈ ಆಲೂರು, ಆದೋನಿ ಕಡೆಯೆಲ್ಲ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಗ ಅದೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದ್ರಾಸ್ ಪ್ರಾಂತ್ಯದವು. ಹರಿದಾಸರಲ್ಲಿ ದೊಡ್ಡ ಹೆಸರಾದ ವಿಜಯದಾಸರು 1755ರಲ್ಲಿ ದೇಹ ಬಿಟ್ಟದ್ದು ಇಲ್ಲಿಯೇ. ಪ್ರತಿ ಕಾರ್ತಿಕದಲ್ಲಿ ಅವರ ಆರಾಧನೆಗೆ ರಾಯಚೂರು, ಬಳ್ಳಾರಿ ಕಡೆಯಿಂದ ಜನ ಬರುತ್ತಾರೆ. ಆ ದಿನಗಳಲ್ಲಿ ಊರಿನ ತುಂಬ ಕನ್ನಡ.

ಗಿಟಾರ್ ನನ್ನ ಮಡದಿಯ ಅಣ್ಣನದು. ದುಬೈಯಲ್ಲಿ ಕೆಲಸಕ್ಕಿದ್ದಾಗ, 2003ರಲ್ಲಿ, ಕೂಡಿಟ್ಟ ಸಂಬಳದಲ್ಲಿ ಕೊಂಡದ್ದು. ಸ್ಟ್ರಾಟೊಕಾಸ್ಟರ್ ಎಂಬ ಜಾತಿಯದು, 1962ರ ಮಾದರಿಯ ರೀಇಶ್ಯೂ. ರೂಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿರುತ್ತಿದ್ದರಂತೆ. ಅವರು ಪ್ಲಗ್ ಹಾಕದೆ ಮೆಲ್ಲಗೆ ನುಡಿಸುತ್ತಿದ್ದರಂತೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅತ್ತಿಗೆ ಆ ಪೆಟ್ಟಿಗೆಯನ್ನು ನನ್ನ ಮಗಳಿಗೆ ಕೊಟ್ಟು ಒಂದೇ ಮಾತು ಹೇಳಿದರು: “ಮಾಮನ ಕೈ ತಾಗಿದ್ದು ಮೋಳೇ, ಹಾಗೆಯೇ ಇರಲಿ.”

ಈ ಗಿಟಾರಿನ ಕಥೆ ಸ್ವಲ್ಪ ಹೇಳಬೇಕು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬವರ ಕಂಪೆನಿ 1954ರಲ್ಲಿ ಸ್ಟ್ರಾಟೊಕಾಸ್ಟರನ್ನು ತಂದಿತು. 1965ರಲ್ಲಿ ಕಂಪೆನಿ ಸಿಬಿಎಸ್ ಎಂಬ ದೊಡ್ಡ ಸಂಸ್ಥೆಯ ಕೈಗೆ ಹೋಯಿತು. ಅದಕ್ಕಿಂತ ಮೊದಲಿನವೇ ಒಳ್ಳೆಯವು ಎಂಬ ಮಾತು ನುಡಿಸುವವರಲ್ಲಿ ಬೆಳೆಯಿತು, ಹಳೆಯ ಗಿಟಾರುಗಳ ಬೆಲೆ ಏರಿತು. ಕೊನೆಗೆ 1982ರಲ್ಲಿ ಕಂಪೆನಿಯೇ ತನ್ನ 1957 ಮತ್ತು 1962ರ ಮಾದರಿಗಳನ್ನು ಮತ್ತೆ ತಯಾರಿಸತೊಡಗಿತು. ತಮ್ಮ ಹಳೆಯ ಕೆಲಸವನ್ನು ತಾವೇ ನಕಲು ಮಾಡಿದ ಹಾಗೆ.

ಈಗ ಈ ರೀಇಶ್ಯೂಗಳಲ್ಲಿ ಎರಡು ದಾರಿ ಇವೆ. ಒಂದು, ಎಲ್ಲವೂ ಹಳೆಯ ಅಳತೆ. ಬೆರಳು ಒತ್ತುವ ಹಲಗೆ ಚಪ್ಪಟೆಯಲ್ಲ, ಸ್ವಲ್ಪ ಉಬ್ಬು, 7.25 ಇಂಚು ತ್ರಿಜ್ಯದ ವೃತ್ತದ ತುಂಡಿನಂತೆ. ಫ್ರೆಟ್ 21, ತೆಳ್ಳಗಿನ ತಂತಿಯವು. ಸದ್ದು ಬದಲಿಸುವ ಸ್ವಿಚ್ಚಿಗೆ ಮೂರೇ ಸ್ಥಾನ. ಇನ್ನೊಂದು ದಾರಿಯಲ್ಲಿ ಬಣ್ಣ, ಆಕಾರ ಹಳೆಯದು. ಹಲಗೆಯ ಉಬ್ಬು ಕಡಿಮೆ, 9.5 ಇಂಚು, ಫ್ರೆಟ್ ದಪ್ಪ, ಸ್ವಿಚ್ಚಿಗೆ ಐದು ಸ್ಥಾನ. 2019ರಲ್ಲಿ ಬಂದ ವಿಂಟೆರಾ ಸಾಲಿನಲ್ಲಿ, ಸ್ವಿಚ್ಚಿನ ವಿಷಯ ಬಿಟ್ಟರೆ, ಎರಡೂ ಬಗೆ ಇದ್ದವು. ಎರಡನೆಯದರ ಹೆಸರಿನಲ್ಲಿಯೇ ‘ಮಾಡಿಫೈಡ್’ ಎಂದು ಸೇರಿಸಿದ್ದರು.

ಸ್ವಿಚ್ಚಿನ ಸಂಗತಿ ನನಗೆ ಇಷ್ಟವಾಯಿತು. ಮೂರು ಸ್ಥಾನದ ಸ್ವಿಚ್ಚನ್ನು ನುಡಿಸುವವರು ಎರಡರ ನಡುವೆ ಹೇಗೋ ನಿಲ್ಲಿಸಿ ಬೇರೆಯೇ ಒಂದು ಸದ್ದು ಪಡೆಯುತ್ತಿದ್ದರು. ಅದನ್ನು ನೋಡಿಯೇ 1977ರಲ್ಲಿ ಕಂಪೆನಿ ಐದು ಸ್ಥಾನ ಕೊಟ್ಟಿತು. ಹಳೆಯದನ್ನು ಬದಲಿಸಿದ್ದು ಹಳೆಯದನ್ನು ಬಳಸುತ್ತಿದ್ದವರ ಬೆರಳುಗಳೇ. ರೀಇಶ್ಯೂ ಬಂದಾಗ ಗಿಟಾರಿನಲ್ಲಿ ಮೂರು ಸ್ಥಾನದ್ದನ್ನೇ ಕೂರಿಸಿ, ಐದು ಸ್ಥಾನದ ಒಂದು ಸ್ವಿಚ್ಚನ್ನು ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟು ಕೊಡುತ್ತಿದ್ದರು. ಬೇಕಾದವರು ಹಾಕಿಕೊಳ್ಳಲಿ ಎಂದು. ಮಾಮನ ಪೆಟ್ಟಿಗೆಯಲ್ಲಿಯೂ ಆ ಪ್ಲಾಸ್ಟಿಕ್ ಪೊಟ್ಟಣ ಒಡೆಯದೆ ಇತ್ತು.

ಮಂಗಳೂರಿನಲ್ಲಿ ಇದ್ದಷ್ಟು ದಿನ ಗಿಟಾರಿಗೆ ಏನೂ ಆಗಲಿಲ್ಲ. ಚಿಪ್ಪಗಿರಿಯ ಮೊದಲ ಬೇಸಿಗೆಯಲ್ಲಿ ಗೋಳು ಶುರುವಾಯಿತು. ಕರಾವಳಿಯ ಗಾಳಿಯಲ್ಲಿ ನೀರಿದೆ. ಇಲ್ಲಿ ಏಪ್ರಿಲಿನಲ್ಲಿ ಒಗೆದ ಬಟ್ಟೆ ಹಿಂಡಿ ಹರವುವುದರೊಳಗೆ ಒಣಗುತ್ತದೆ. ಮರ ಅಡ್ಡಕ್ಕೆ ಕುಗ್ಗಿತು. ಫ್ರೆಟ್ ಲೋಹದ್ದು, ಅದು ಕುಗ್ಗಲಿಲ್ಲ. ಹಾಗಾಗಿ ಫ್ರೆಟ್ಟುಗಳ ತುದಿ ಹಲಗೆಯ ಅಂಚಿನಿಂದ ಹೊರಗೆ ಚಾಚಿ ಮಗಳ ಅಂಗೈಗೆ ಗೀರತೊಡಗಿದವು. ಕತ್ತಿನ ಬಾಗು ಬದಲಾಗಿ ತಂತಿಗಳು ಫ್ರೆಟ್ಟಿಗೆ ತಾಗಿ ಕರಕರ ಎಂದವು.

ಗಿಟಾರಿನ ಕತ್ತಿನ ಒಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್. ಅದನ್ನು ತಿರುಗಿಸಿ ಬಾಗನ್ನು ಸರಿಮಾಡಬಹುದು. ಹೊಸ ಗಿಟಾರುಗಳಲ್ಲಿ ಅದರ ತುದಿ ಮೇಲೆ, ತಂತಿ ಬಿಗಿಯುವ ಕಿವಿಗಳ ಹತ್ತಿರ ಇರುತ್ತದೆ. ಒಂದು ಅಲೆನ್ ಕೀ ಸಾಕು. ಹಳೆಯ ಮಾದರಿಯಲ್ಲಿ ಅದು ಕೆಳಗೆ, ಕತ್ತು ಒಡಲಿಗೆ ಸೇರುವ ಕಡೆ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಕತ್ತನ್ನೇ ಎತ್ತಿ, ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಸರಿಯಾಗದಿದ್ದರೆ ಮೊದಲಿನಿಂದ. ಗಾಳಿ ವರ್ಷಪೂರ್ತಿ ಒಂದೇ ಹದದಲ್ಲಿರುವ ಕಡೆ ಇದು ದೊಡ್ಡ ವಿಷಯವಲ್ಲ. ರಜೆಗೆ ಮಂಗಳೂರು, ಶಾಲೆಗೆ ಚಿಪ್ಪಗಿರಿ ಎಂದು ಓಡಾಡುವ ಗಿಟಾರಿಗೆ ದೊಡ್ಡ ವಿಷಯ.

ಇನ್ನು ಗುಂಯ್ ಎನ್ನುವ ಸದ್ದು. ಆ ಕಾಲದ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ಒಂಟಿ ತಾಮ್ರದ ಸುರುಳಿ. ತಂತಿಯ ನಡುಕವನ್ನು ಹಿಡಿಯುವ ಹಾಗೆಯೇ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಕಾರವನ್ನೂ ಅದು ಹಿಡಿಯುತ್ತದೆ. ನಮ್ಮ ಬಾಡಿಗೆ ಮನೆಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಹಾಕಿಸಿದ ಮೇಲೆ ಅರ್ಧ ಕಡಿಮೆಯಾಯಿತು, ಉಳಿದರ್ಧ ಸುರುಳಿಯದ್ದೇ. ಈಗಿನ ಗಿಟಾರುಗಳಲ್ಲಿ ನಡುವಿನ ಸುರುಳಿಯನ್ನು ತಿರುವುಮುರುವು ಸುತ್ತಿ, ಎರಡು ಸೇರಿದಾಗ ಗುಂಯ್‌ಕಾರ ಒಂದನ್ನೊಂದು ಅಳಿಸುವಂತೆ ಮಾಡುತ್ತಾರೆ. 1962ರ ಮಾದರಿಗೆ ಆ ಉಪಾಯವಿಲ್ಲ.

ಮಗಳು ನೇರವಾಗಿ ಹೇಳಿದಳು: “ಉಪ್ಪಾ, ಇದನ್ನು ನುಡಿಸಬೇಕಾದರೆ ಬದಲಾಯಿಸಬೇಕು. ಬದಲಾಯಿಸಬಾರದು ಅಂದರೆ ಗೋಡೆಗೆ ತೂಗುಹಾಕಿ.” ನನ್ನ ಮಡದಿ ಅತ್ತಿಗೆಯ ಪಕ್ಷ. ಅಣ್ಣ ಹೋದರು, ಅವರ ವಸ್ತುವನ್ನೂ ಬೇರೆ ಮಾಡುವುದೇ ಎಂದು. ನಾನು ನಡುವೆ.

ರಜೆಯಲ್ಲಿ ಬೆಂಗಳೂರಿನ ಒಬ್ಬ ಗಿಟಾರ್ ರಿಪೇರಿಯವರ ಹತ್ತಿರ ಒಯ್ದೆವು. ಮಗಳು ಕೇಳಿದ್ದು, ಹಲಗೆಯ ಉಬ್ಬನ್ನು ಹೆರೆದು 9.5 ಇಂಚು ಮಾಡಿಕೊಡಿ ಎಂದು. ಉಬ್ಬು ಹಲಗೆ ಕಾರ್ಡ್ ಹಿಡಿಯಲು ಸಣ್ಣ ಕೈಗೆ ಸುಖವೇ. ಆದರೆ ಕೆಳಗಿನ ಫ್ರೆಟ್ಟುಗಳಲ್ಲಿ ತಂತಿಯನ್ನು ಎಳೆದು ಸ್ವರ ಏರಿಸುವಾಗ ಅದು ಉಬ್ಬಿನ ನೆತ್ತಿಗೆ ತಾಗಿ ಸದ್ದು ಸತ್ತುಹೋಗುತ್ತದೆ. ಅವರು ಕತ್ತನ್ನು ಬಿಚ್ಚಿ ತುದಿಯನ್ನು ತೋರಿಸಿದರು. ಕರಿಗೆಂಪು ಮರದ ಪದರ, ಬಿಲ್ಲಿನಂತೆ ಬಾಗಿದ್ದು, ತೆಳ್ಳಗೆ. 1962ರ ನಡುವಿನಲ್ಲಿ ಕಂಪೆನಿ ದಪ್ಪ ಹಲಗೆ ಬಿಟ್ಟು ಹೀಗೆ ಬಾಗಿದ ತೆಳುಪದರ ಅಂಟಿಸತೊಡಗಿತ್ತು. ಈ ಗಿಟಾರ್ ಅದರ ನಕಲು. “ಹೆರೆದರೆ ನಡುವೆ ಏನೂ ಉಳಿಯುವುದಿಲ್ಲ” ಎಂದರು.

ಆ ಮರವನ್ನು ನಾನು ಗುರುತಿಸಿದೆ. ನನ್ನ ಅಜ್ಜ ಮರದ ವ್ಯಾಪಾರದವರು. ಅದು ಬೀಟೆಯಂತೆಯೇ ಕಂಡಿತು. ಮೂಲ ಗಿಟಾರುಗಳಿಗೆ ಬ್ರೆಜಿಲ್ಲಿನ ಬೀಟೆ ಹಾಕುತ್ತಿದ್ದರು. 1992ರಲ್ಲಿ ಸೈಟಿಸ್ ಒಪ್ಪಂದ ಅದರ ವ್ಯಾಪಾರವನ್ನು ಬಹುತೇಕ ನಿಲ್ಲಿಸಿತು. ಆಮೇಲೆ ‘ಹಳೆಯ ಮಾದರಿ’ಗಳಿಗೆ ಹೆಚ್ಚಾಗಿ ಬಂದದ್ದು ನಮ್ಮ ಘಟ್ಟದ ಜಾತಿಯ ಬೀಟೆ, ಅದನ್ನು ಜಾವಾದ ತೋಟಗಳಲ್ಲಿಯೂ ಬೆಳೆಸುತ್ತಾರೆ. 2017ರ ಜನವರಿಯಿಂದ ಎಲ್ಲ ಬೀಟೆಗೂ ಪರವಾನಗಿ ಬೇಕಾಯಿತು. ಅದಕ್ಕೇ ವಿಂಟೆರಾ ಸಾಲಿನ ಅರವತ್ತರ ಮಾದರಿಗಳಿಗೆ ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರ ಹಾಕಿದರು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬೀಟೆ ಮರಳಿತು. ಅಂದರೆ ಎಷ್ಟೇ ಕಟ್ಟುನಿಟ್ಟಿನ ನಕಲಾದರೂ ಮರ ಮೊದಲಿನದ್ದಲ್ಲ.

ಮಾತು ತಿರುಗಿದ್ದು ಹಿಂಬದಿಯ ಮುಚ್ಚಳ ತೆಗೆದಾಗ. ಸೇತುವೆಯನ್ನು ಅಲುಗಿಸುವ ಸ್ಪ್ರಿಂಗುಗಳ ಹಿಂದೆ ಒಂದು ಮರದ ತುಂಡನ್ನು ಬಿಗಿಯಾಗಿ ತುರುಕಿತ್ತು. ಶ್ರುತಿ ತಪ್ಪದಿರಲೆಂದು ಸೇತುವೆ ಅಲುಗದಂತೆ ಹಾಗೆ ಮಾಡುವುದುಂಟಂತೆ. ಅರಸಿನ ಬಣ್ಣದ ಹಲಸಿನ ಮರ. ಅದರ ಮೇಲೆ ಮಾಮನ ಅಕ್ಷರದಲ್ಲಿ, ಪೆನ್ನಿನಿಂದ, ಒಂದು ತಾರೀಕು. ಅತ್ತಿಗೆಗೆ ಫೋಟೊ ಕಳುಹಿಸಿದೆವು. ತುಸು ಹೊತ್ತಿನಲ್ಲಿ ಫೋನ್ ಬಂತು. ಮನೆಯ ಹಳೆಯ ಮಾಡು ಬಿಚ್ಚಿದಾಗ ಉಳಿದ ಪಕ್ಕಾಸಿನಿಂದ ಅವರೇ ಕೆತ್ತಿದ್ದು, ರಜೆಗೆ ಬಂದಾಗ ಎಂದರು. ಆಮೇಲೆ, “ಅವರೂ ಸುಮ್ಮನೆ ಬಿಟ್ಟಿರಲಿಲ್ಲ ನೋಡಿ” ಎಂದರು.

ಆ ತುಂಡಿನಿಂದಲೇ ನಮಗೆ ದಾರಿ ಸಿಕ್ಕಿತು. ಅದನ್ನು ಕಿತ್ತರೆ ಗಿಟಾರ್ ಮೊದಲಿನಂತೆಯೇ. ಮಾಮ ಬದಲಾಯಿಸಿದ್ದರು, ಆದರೆ ಹಿಂದಕ್ಕೆ ತರಲಾಗದಂತೆ ಅಲ್ಲ. ನಾವೂ ಅದೇ ಮಿತಿ ಇಟ್ಟುಕೊಂಡೆವು. ಬೀಟೆಯ ಹಲಗೆ ಮುಟ್ಟುವುದಿಲ್ಲ. ಫ್ರೆಟ್ ಹೇಗೂ ಸವೆಯುವ ಭಾಗ. ಅವನ್ನು ತೆಗೆದು ಸ್ವಲ್ಪ ಎತ್ತರದವನ್ನು ಹಾಕಿಸಿ, ಕೊನೆಯ ಕೆಲವು ಫ್ರೆಟ್ಟುಗಳ ನೆತ್ತಿಯನ್ನು ಮಾತ್ರ ಕೂದಲೆಳೆಯಷ್ಟು ಉಜ್ಜಿಸಿದೆವು. ಉಜ್ಜಿದ್ದು ಲೋಹ, ಮರವಲ್ಲ. ತಂತಿ ಎಳೆದರೆ ಈಗ ಸದ್ದು ಸಾಯುವುದಿಲ್ಲ. ಪೊಟ್ಟಣದ ಐದು ಸ್ಥಾನದ ಸ್ವಿಚ್ಚನ್ನು ಮಗಳೇ ಕೂರಿಸಿದಳು. ಪಿಕಪ್ ಹಾಗೆಯೇ ಇದೆ, ಗುಂಯ್‌ಕಾರವೂ ಇದೆ. ಹಲಸಿನ ತುಂಡು ಅದರ ಜಾಗದಲ್ಲಿಯೇ. ಬಾಗು ಸರಿಮಾಡಲು ಕತ್ತು ಬಿಚ್ಚುವುದನ್ನು ರಿಪೇರಿಯವರಿಂದ ಮಗಳು ಕಲಿತಳು. ವರ್ಷಕ್ಕೆ ಎರಡು ಸಲ ಮಾಡುತ್ತಾಳೆ.

ತೆಗೆದ ಫ್ರೆಟ್ಟುಗಳು, ಹಳೆಯ ಸ್ವಿಚ್ ಒಂದು ಬಿಸ್ಕೆಟ್ ಡಬ್ಬಿಯಲ್ಲಿವೆ. ಜೊತೆಗೆ ಒಂದು ಚೀಟಿ: ಏನು ತೆಗೆದದ್ದು, ಏನು ಹಾಕಿದ್ದು, ಯಾವಾಗ, ಯಾಕೆ. ಮಡದಿಯೇ ಬರೆದದ್ದು, ಕನ್ನಡ ಅಕ್ಷರದಲ್ಲಿ ಬ್ಯಾರಿ ಭಾಷೆಯಲ್ಲಿ. ಮೊದಲ ಸಾಲು ಅವಳ ಅಣ್ಣನ ಹಲಸಿನ ತುಂಡಿನದ್ದು.

ಬೇರೆ ವಾದ್ಯಗಳಲ್ಲಿ ಈ ಆಯ್ಕೆ ಬೇರೆ ರೀತಿ ನಡೆದಿದೆ. ಇಲ್ಲಿನ ಪಟಗಳಲ್ಲಿ ವಿಜಯದಾಸರ ಕೈಯಲ್ಲಿ ತಂಬೂರಿ ಇದೆ. ಇವತ್ತು ಎಷ್ಟೋ ಭಜನೆ, ಕಚೇರಿಗಳಲ್ಲಿ ಶ್ರುತಿ ಹಿಡಿಯುವುದು ಒಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಲ್ಲಿ ಆಕಾರ ಹೋಯಿತು, ಶ್ರುತಿ ಉಳಿಯಿತು. ನಮ್ಮ ದಫ್‌ನಲ್ಲಿ ಮರದ ಬಳೆ ಉಳಿದು ಚರ್ಮ ಬದಲಾಗುತ್ತಿದೆ. ಆಡಿನ ಚರ್ಮ ಮಳೆಗಾಲದಲ್ಲಿ ಸಡಿಲವಾಗುತ್ತದೆ, ಬೆಂಕಿಗೆ ಕಾಯಿಸಬೇಕು. ಪ್ಲಾಸ್ಟಿಕ್ ಹೊದಿಕೆಯದಕ್ಕೆ ಆ ತಾಪತ್ರಯವಿಲ್ಲ. ಸದ್ದು ಮಾತ್ರ ಬೇರೆ. ಎರಡನ್ನೂ ನಾವು ‘ಹಿಂದಿನಿಂದ ಬಂದದ್ದು’ ಎಂದೇ ಕರೆಯುತ್ತೇವೆ. ಮದುವೆ ಹಾಡುಗಳಿಗೆ, ಪತ್ತಿರಿ ಮಾಡುವ ಕ್ರಮಕ್ಕೆ, ಭಾಷೆಗೂ ಇದೇ ಮಾತು.

ಬದಲಾಯಿಸುವುದರ ಬಗ್ಗೆ ನನಗೆ ತಕರಾರಿಲ್ಲ. ಗಿಟಾರ್ ಕಂಪೆನಿಯವರು ಒಂದು ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ: ಯಾವುದು ಹಳೆಯ ಅಳತೆ, ಯಾವುದು ಹೊಸದು ಎಂದು ಪಟ್ಟಿ ಮಾಡಿ ಕೊಡುತ್ತಾರೆ. ಕೊಳ್ಳುವವನಿಗೆ ಗೊತ್ತಿರುತ್ತದೆ. ನಮ್ಮ ಮನೆಗಳಲ್ಲಿ ಆ ಪಟ್ಟಿ ಉಮ್ಮಂದಿರ ತಲೆಯೊಳಗೆ ಮಾತ್ರ ಇದೆ. ಅವರೊಡನೆ ಅದೂ ಹೋಗುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರ ದಫ್ ಇದ್ದರೆ, ಪೆಟ್ಟಿಗೆ ಇದ್ದರೆ, ಹಾಡಿನ ಪುಸ್ತಕ ಇದ್ದರೆ ಬಳಸಿ, ಬೇಕಾದರೆ ರಿಪೇರಿ ಮಾಡಿಸಿ. ಬದಲಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ತಾರೀಕು ಹಾಕುವುದನ್ನು ಮರೆಯಬೇಡಿ.